ಪಡಸಾಲೆಯ ಪರೀಕ್ಷಕರು

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿ, ತಮಿಳುನಾಡಿನ ಗಡಿಗೆ ಹೆಚ್ಚು ದೂರವಲ್ಲದ ಲಕ್ಕೂರಿನಲ್ಲಿ, ಕಳೆದ ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ, ನಮ್ಮ ದೊಡ್ಡಮ್ಮನವರ ಮನೆಯ ಪಡಸಾಲೆಯಲ್ಲಿ ಅವರೆಕಾಯಿಯ ರಾಶಿಯನ್ನು ನಡುವೆ ಸುರಿದುಕೊಂಡು ಏಳೆಂಟು ಮಂದಿ ಸುಲಿಯುತ್ತ ಕುಳಿತಿದ್ದೆವು. ಎದುರಿನ ಗೋಡೆಯ ಟಿ.ವಿ.ಯಲ್ಲಿ ಊಟವನ್ನೂ ಊರುಗಳನ್ನೂ ಒಟ್ಟಿಗೆ ತೋರಿಸುವ ಕಾರ್ಯಕ್ರಮವೊಂದು ನಡೆಯುತ್ತಿದ್ದಿತು; ಅದರ ಹೆಸರಾಗಲಿ, ವಾಹಿನಿಯ ಹೆಸರಾಗಲಿ ಇಲ್ಲಿ ಬೇಕಾಗಿಲ್ಲ. ನಿರೂಪಕನಾದ ತರುಣನು ಕಾರಿನಿಂದಿಳಿದು, ರಸ್ತೆಬದಿಯ ಹೋಟೆಲೊಂದನ್ನು ಹೊಕ್ಕು, ತನ್ನ ಮುಂದೆ ತಂದಿಟ್ಟುದರಲ್ಲಿ ಒಂದು ತುತ್ತನ್ನು ಬಾಯಿಗಿಟ್ಟು, ಕಣ್ಣುಗಳನ್ನು ಮುಚ್ಚಿ, ತಲೆಯನ್ನು ನಿಧಾನವಾಗಿ ಆಡಿಸಿ, ಕೊನೆಗೆ ‘ಅದ್ಭುತ’ ಎಂದನು. ದೊಡ್ಡಮ್ಮನವರು ಒಮ್ಮೆ ದೃಷ್ಟಿಯನ್ನೆತ್ತಿ ನೋಡಿ, ಮತ್ತೆ ಕಾಯಿಗೆ ಕೈಹಾಕಿ, “ಬಿಸಿಯಾಗಿದ್ದಿದ್ರೆ ಬೆರಳು ಸುಡ್ತಿತ್ತು ಕಣೋ. ಆರಿ ಅಂಟಾಗಿರೋದನ್ನ ತಿಂದು ಕಣ್ಣು ಮುಚ್ಕೊಂತಾನೆ” ಎಂದರು.

ಈ ಮಾತು ಹಾಸ್ಯವೆಂದು ಎಲ್ಲರೂ ನಕ್ಕರಾದರೂ, ಚಿತ್ರೀಕರಣದ ಕ್ರಮವನ್ನು ಬಲ್ಲವರಿಗೆ ಅದು ಹಾಸ್ಯವಲ್ಲ, ಶುದ್ಧ ವಾಸ್ತವಾಂಶ. ಒಂದು ತಟ್ಟೆ ಭೋಜನವನ್ನು ಚಿತ್ರಿಸಬೇಕಾದರೆ ಮೊದಲು ತಟ್ಟೆಯೊಂದನ್ನೇ ಮೇಲಿನಿಂದಲೂ ಪಕ್ಕದಿಂದಲೂ ತೆಗೆಯಬೇಕು. ಆಮೇಲೆ ತಟ್ಟೆಯೊಡನೆ ನಿರೂಪಕನನ್ನು ತೆಗೆಯಬೇಕು. ಅದಾದ ಮೇಲೆ ತುತ್ತು ಬಾಯಿಗೆ ಹೋಗುವುದನ್ನು ಎರಡು ಮೂರು ದಿಕ್ಕುಗಳಿಂದ ಬೇರೆ ಬೇರೆಯಾಗಿ ತೆಗೆಯಬೇಕು. ಹಬೆಯೆಂಬುದು ಹಿಂದಿನಿಂದ ಬೆಳಕು ಬಿದ್ದು, ಅದರ ಹಿನ್ನೆಲೆ ಕತ್ತಲಾಗಿದ್ದಾಗ ಮಾತ್ರ ಕ್ಯಾಮೆರಾಕ್ಕೆ ಕಾಣುತ್ತದೆಯಾದುದರಿಂದ, ಬೆಳಕನ್ನು ಸರಿಪಡಿಸುವಷ್ಟರಲ್ಲಿ ಹಬೆಯೇ ಮುಗಿದಿರುತ್ತದೆ. ಮೇಲೆ ಸವರಿದ ತುಪ್ಪವೊಂದೇ ತಾಜಾತನದ ಭ್ರಾಂತಿಯನ್ನು ಕಾಪಾಡಿಕೊಂಡು ಉಳಿದಿರುತ್ತದೆ. ಪ್ರೇಕ್ಷಕನಿಗೆ ಬಿಸಿಬಿಸಿಯೆಂದು ತೋರುವ ಪದಾರ್ಥವು ತಿನ್ನುವವನ ಬಾಯಿಗೆ ತಂಗಳಿಗೆ ಸಮೀಪವಾದದ್ದೆಂಬ ಈ ಗುಟ್ಟನ್ನು, ಚಿತ್ರೀಕರಣವನ್ನು ಜನ್ಮದಲ್ಲಿ ಕಾಣದ ಒಬ್ಬ ವೃದ್ಧೆಯು ನಿರೂಪಕನ ಬೆರಳುಗಳ ಧೈರ್ಯದಿಂದಲೇ ಊಹಿಸಿಬಿಟ್ಟರು. ಅರುವತ್ತು ವರ್ಷ ಒಲೆಯ ಮುಂದೆ ಕುಳಿತವರ ಕಣ್ಣು ಅದು.

ದೂರದರ್ಶನದ ಭೋಜನಪ್ರವಾಸಗಳನ್ನು ಕುರಿತು ಜನರ ಅಭಿಪ್ರಾಯವೇನೆಂದು ಬರೆಯಬೇಕೆಂದು ನನಗೆ ಬಹುದಿನದಿಂದ ಇದ್ದಿತು. ಅಭಿಪ್ರಾಯವೆಂದರೆ ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎಂಬೆರಡೇ ಮಾತುಗಳೆಂದು ಭಾವಿಸಿದ್ದ ನಾನು, ಆ ಸಂಜೆ ಅವರೆಕಾಯಿ ಸುಲಿಯುತ್ತ ಕುಳಿತುದರಿಂದ ಆ ಭಾವನೆಯನ್ನು ಬಿಡಬೇಕಾಯಿತು. ಏಕೆಂದರೆ ಆ ಪಡಸಾಲೆಯಲ್ಲಿ ಆ ಎರಡು ಮಾತುಗಳನ್ನು ಒಬ್ಬರೂ ಆಡಲಿಲ್ಲ. ಅತ್ತಿಗೆಯವರು ನೋಡಿದುದು ಅಡುಗೆಮನೆಯ ಮೂಲೆಯನ್ನು: ಒರೆಸುವ ಬಟ್ಟೆ ಯಾವ ಬಣ್ಣದ್ದಾಗಿದೆ, ತೊಳೆಯುವ ನೀರು ಎಲ್ಲಿಂದ ಬರುತ್ತಿದೆ, ರುಬ್ಬುವ ಹೆಂಗಸಿಗೆ ಕುಳಿತುಕೊಳ್ಳಲು ಮಣೆಯಾದರೂ ಉಂಟೆ ಎಂಬುದನ್ನು. ತರಕಾರಿ ಬೆಳೆಯುವ ಅಣ್ಣನು ನೋಡಿದುದು ಸಾಮಗ್ರಿಯನ್ನು. ಪಲ್ಯಕ್ಕೆ ಹೆಚ್ಚುತ್ತಿದ್ದ ಟೊಮೇಟೊ ತೋಟದಲ್ಲಿ ಹಣ್ಣಾದದ್ದಲ್ಲ, ಕಾಯಿಯಾಗಿದ್ದಾಗಲೇ ಕಿತ್ತು ಕ್ರೇಟಿನಲ್ಲಿ ಕೆಂಪಾದದ್ದೆಂದು ಆತ ದೂರದಿಂದಲೇ ಹೇಳಿದನು. ಹಿಂದೆ ಹೆಂಚಿನ ಕಾರ್ಖಾನೆಯಲ್ಲಿ ದುಡಿದ ನೆರೆಮನೆಯ ಹಿರಿಯರೊಬ್ಬರು, ನಿರೂಪಕನು ಎದ್ದು ಹೊರಟ ಮೇಲೆ ತಟ್ಟೆಯಲ್ಲಿ ಉಳಿದುದನ್ನು ಲಕ್ಷಿಸಿ, “ಅಷ್ಟು ಅದ್ಭುತವಾಗಿದ್ರೆ ಬಿಟ್ಟು ಯಾಕೆದ್ದ?” ಎಂದು ಕೇಳಿದರು. ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕಿರುವ ಅಣ್ಣನ ಮಗಳು ಮಾತ್ರ, “ತಾತ, ದಿನಕ್ಕೆ ನಾಲ್ಕೈದು ಹೋಟ್ಲು ಸುತ್ತಬೇಕು ಅವ್ನು, ಎಲ್ಲಾ ಕಡೆ ಖಾಲಿ ಮಾಡ್ತಾ ಕೂತ್ರೆ ಬದುಕ್ತಾನಾ?” ಎಂದು ತರುಣನ ಪಕ್ಷವನ್ನು ವಹಿಸಿದಳು. ಹಿರಿಯರು ಒಪ್ಪಲಿಲ್ಲ. ಅನ್ನವನ್ನು ಎಲೆಯಲ್ಲಿ ಬಿಟ್ಟೇಳುವುದು ಅವರ ಲೆಕ್ಕದಲ್ಲಿ ವಿಮರ್ಶೆಯೇ. ಬಾಯಲ್ಲಿ ಹೊಗಳಿ ಎಲೆಯಲ್ಲಿ ತೆಗಳಿದಂತೆ.

ಇವರಿಗೆ ಮೆಚ್ಚಿಕೆಯಾಗುವವರೂ ಇಲ್ಲದಿಲ್ಲ. ‘ಸಿಹಿಕಹಿ’ ಎಂಬ ಧಾರಾವಾಹಿಯಿಂದ ಆ ವಿಶೇಷಣವನ್ನು ಹೆಸರಿನೊಡನೆ ಶಾಶ್ವತವಾಗಿ ಸೇರಿಸಿಕೊಂಡ ನಟ ಚಂದ್ರು ಅವರು ಸ್ಟಾರ್ ಸುವರ್ಣ ವಾಹಿನಿಯ ‘ಬೊಂಬಾಟ್ ಭೋಜನ’ದಲ್ಲಿ ತಾವೇ ಸೌಟನ್ನು ಹಿಡಿಯುತ್ತಾರೆಂಬುದು ಅವರಿಗೆ ದೊರೆತ ಮನ್ನಣೆಗೆ ಮುಖ್ಯ ಕಾರಣವೆಂದು ನನ್ನ ಊಹೆ. ಅತ್ತಿಗೆಯವರ ಮಾತಿನಲ್ಲಿ ಹೇಳುವುದಾದರೆ, “ಅವ್ರಿಗೆ ಕೈ ಐತೆ.” ಅಡುಗೆಯಲ್ಲಿ ಕೈಯಿರುವುದೆಂದರೆ ಏನೆಂದು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಒಗ್ಗರಣೆಗೆ ಸಾಸುವೆ ಹಾಕುವಾಗ ಎಣ್ಣೆಯನ್ನು ನೋಡದೆ ಕ್ಯಾಮೆರಾವನ್ನು ನೋಡುವವರನ್ನು ಈ ಪ್ರೇಕ್ಷಕರು ಕ್ಷಮಿಸುವುದಿಲ್ಲ.

ಇಂಥ ಅಭಿಪ್ರಾಯಗಳು ಕಾರ್ಯಕ್ರಮವನ್ನು ಕಟ್ಟುವವರ ಕಿವಿಗೆ ಮುಟ್ಟುವ ಬಗೆ ಯಾವುದು? ದೂರದರ್ಶನದಲ್ಲಿ 1990ರಲ್ಲಿ ಆರಂಭವಾಗಿ, ಸಿದ್ಧಾರ್ಥ ಕಾಕ್ ಮತ್ತು ರೇಣುಕಾ ಶಹಾಣೆಯವರು ನಡೆಸಿಕೊಡುತ್ತಿದ್ದ ‘ಸುರಭಿ’ಯನ್ನು ನನ್ನ ವಯಸ್ಸಿನವರು ಮರೆತಿರಲಾರರು. ದೇಶದ ಮೂಲೆಮೂಲೆಗಳ ಕಲೆ, ಕಸುಬು, ಆಚಾರಗಳನ್ನು ತೋರಿಸುತ್ತಿದ್ದ ಆ ಕಾರ್ಯಕ್ರಮಕ್ಕೆ 1993ರಲ್ಲಿ ಒಂದೇ ವಾರದಲ್ಲಿ 14 ಲಕ್ಷಕ್ಕಿಂತ ಹೆಚ್ಚು ಪತ್ರಗಳು ಬಂದು, ಅದು ಲಿಮ್ಕಾ ದಾಖಲೆಯ ಪುಸ್ತಕವನ್ನು ಸೇರಿತು. 15 ಪೈಸೆಯ ಕಾರ್ಡಿನ ಈ ಪ್ರವಾಹವನ್ನು ಹೊರಲಾರದೆ ಅಂಚೆ ಇಲಾಖೆಯು ಸ್ಪರ್ಧೆಗಳಿಗಾಗಿಯೇ 2 ರೂಪಾಯಿಯ ಬೇರೊಂದು ಕಾರ್ಡನ್ನು ಹೊರಡಿಸಬೇಕಾಯಿತು. ಆ ಪತ್ರಗಳಲ್ಲಿ ಬಹುಪಾಲು ವಾರದ ಪ್ರಶ್ನೆಗೆ ಉತ್ತರಗಳೇ ಹೊರತು ಅಭಿಪ್ರಾಯಗಳಲ್ಲವೆಂಬುದು ನಿಜ; ಆದರೂ ಉತ್ತರವನ್ನು ಬರೆದ ಮೇಲೆ ಉಳಿದ ಎರಡಂಗುಲ ಜಾಗದಲ್ಲಿ ಮನಸ್ಸಿನಲ್ಲಿದ್ದುದನ್ನು ತುರುಕುವ ಅಭ್ಯಾಸ ನಮ್ಮವರಿಗೆ ಉಂಟು.

ಈಗ ಕಾರ್ಡಿಲ್ಲ, ಲೆಕ್ಕವುಂಟು. ಬಾರ್ಕ್ ಎಂಬ ಸಂಸ್ಥೆಯು ದೇಶದ ಸುಮಾರು 21 ಕೋಟಿ ಟಿ.ವಿ. ಮನೆಗಳ ಪರವಾಗಿ 50 ಸಾವಿರದ ಆಸುಪಾಸಿನಷ್ಟು ಮನೆಗಳಲ್ಲಿ ಸಣ್ಣ ಯಂತ್ರವೊಂದನ್ನು ಇಟ್ಟಿದೆ. ವಾಹಿನಿಗಳು ತಮ್ಮ ಧ್ವನಿಯೊಳಗೆ ಮನುಷ್ಯರ ಕಿವಿಗೆ ಕೇಳದಂಥ ಗುರುತೊಂದನ್ನು ಅಡಗಿಸಿ ಕಳುಹಿಸುತ್ತವೆ. ಯಂತ್ರವು ಆ ಗುರುತನ್ನು ಹಿಡಿದು ಯಾವ ವಾಹಿನಿ ಎಷ್ಟು ಹೊತ್ತು ನಡೆಯಿತೆಂದು ಬರೆದುಕೊಳ್ಳುತ್ತದೆ. ಮನೆಯವರು ತಮಗೆ ಗೊತ್ತುಮಾಡಿದ ಗುಂಡಿಯನ್ನು ಒತ್ತಿ ನೋಡುತ್ತಿರುವವರು ಯಾರೆಂದು ತಿಳಿಸಬೇಕು. ಇದರಲ್ಲಿಯೂ ಹಳ್ಳಿಗಳ ಎಣಿಕೆ ಸೇರಿದುದು 2015ರ ಅಕ್ಟೋಬರಿನಿಂದ ಈಚೆಗೆ. ಅದಕ್ಕೆ ಮೊದಲು ಲಕ್ಕೂರಿನಂಥ ಊರುಗಳವರು ಟಿ.ವಿ. ನೋಡಿದರೂ ಒಂದೇ, ಗೋಡೆ ನೋಡಿದರೂ ಒಂದೇ ಎಂಬಂತಿದ್ದಿತು. ಯಂತ್ರದ ಪ್ರಾಮಾಣಿಕತೆಯನ್ನು ನಾನು ಶಂಕಿಸುತ್ತಿಲ್ಲ. ಆದರೆ ಅದರ ಸ್ವಭಾವವನ್ನು ನೋಡಿ: ಪೆಟ್ಟಿಗೆ ಆಡುವ ಮಾತನ್ನು ಅದು ಕೇಳಿಸಿಕೊಳ್ಳುತ್ತದೆ, ಪೆಟ್ಟಿಗೆಯ ಮುಂದೆ ಕುಳಿತವರು ಆಡುವ ಮಾತು ಅದಕ್ಕೆ ಕೇಳಿಸದು. ದೊಡ್ಡಮ್ಮನವರು ಅರ್ಧ ಗಂಟೆ ಆಕ್ಷೇಪಿಸುತ್ತ ನೋಡಿದುದು ಅರ್ಧ ಗಂಟೆ ಮೆಚ್ಚಿ ನೋಡಿದುದಕ್ಕೆ ಸಮನಾಗಿಯೇ ಅದರ ಲೆಕ್ಕಕ್ಕೆ ಬೀಳುತ್ತದೆ. ಅವರೆಕಾಯಿ ಮುಗಿಯುವವರೆಗೆ ಚಾನಲ್ ಬದಲಾಯಿಸಲು ಯಾರ ಕೈಯೂ ಬಿಡುವಾಗಿರಲಿಲ್ಲವೆಂಬ ಕಾರಣ ಅದಕ್ಕೆ ತಿಳಿಯುವುದೇ ಇಲ್ಲ.

ಆ ದಿನದ ಸಂಚಿಕೆಯು ಕೋಲಾರ ಜಿಲ್ಲೆಯದೇ ಆಗಿದ್ದಿತೆಂಬುದನ್ನು ಹೇಳಲು ಮರೆತೆ. ಆಕ್ಷೇಪಣೆಗಳಿಗೆ ಅಷ್ಟು ಹರಿತ ಬಂದುದು ಅದರಿಂದಲೇ. ನಮ್ಮ ಜಿಲ್ಲೆಗೆ ಬರುವ ಭೋಜನಪ್ರವಾಸಿಗಳೆಲ್ಲರೂ ಬಹುಮಟ್ಟಿಗೆ ಒಂದೇ ದಾರಿಯಲ್ಲಿ ಬಂದು ಒಂದೇ ದಾರಿಯಲ್ಲಿ ಹೋಗುತ್ತಾರೆ. ಹಿಂದೆ 4 ಎಂಬ ಸಂಖ್ಯೆಯನ್ನು ಹೊತ್ತು ಈಗ 75 ಆಗಿರುವ ರಾಷ್ಟ್ರೀಯ ಹೆದ್ದಾರಿಯು ಬೆಂಗಳೂರಿನಿಂದ ಕೋಲಾರದ ಮೇಲೆ ಹಾದು ಮುಳಬಾಗಿಲನ್ನು ಮುಟ್ಟುತ್ತದೆ. ಮೂಡಲ ಬಾಗಿಲೆಂಬ ಹೆಸರನ್ನು ಸಾರ್ಥಕಪಡಿಸಿಕೊಂಡು ಆಂಧ್ರದ ಕಡೆಗೆ ತೆರೆದಿರುವ ಆ ಊರಿನಲ್ಲಿ ನಿರೂಪಕನು ದೋಸೆಯನ್ನು ತಿಂದು, ಕುರುಡುಮಲೆಯ ಏಕಶಿಲೆಯ ಗಣಪತಿಗೆ ಕೈಮುಗಿದು, ಕತ್ತಲಾಗುವುದರೊಳಗೆ ಬೆಂಗಳೂರಿಗೆ ಹಿಂದಿರುಗಬಹುದು. ಮುಳಬಾಗಿಲಿನ ದೋಸೆಯ ಮೇಲೆ ನನಗೆ ದ್ವೇಷವಿಲ್ಲ. ಮೇಲ್ಮೈ ಗರಿಯಾಗಿ, ಒಡಲು ಮೃದುವಾಗಿ, ತುಪ್ಪದಲ್ಲಿ ಮಿಂದು ಬರುವ ಅದನ್ನು ಎರಡಕ್ಕಿಂತ ಕಡಿಮೆ ತಿಂದು ನಾನು ಎಂದೂ ಎದ್ದವನಲ್ಲ. ಆದರೆ ಒಂದು ಇಡೀ ಜಿಲ್ಲೆಯ ಅಡುಗೆಗೆ ಆ ದೋಸೆಯೊಂದೇ ಪ್ರತಿನಿಧಿಯಾಗಿ ಚುನಾಯಿತವಾಗಿರುವುದಕ್ಕೆ ಕಾರಣ ರುಚಿಯೊಂದೇ ಅಲ್ಲ. ಅದು ಹೆದ್ದಾರಿಯ ಮೇಲಿದೆ, ಹೊಂಬಣ್ಣವಾಗಿದೆ, ಹಂಚಿನ ಮೇಲೆ ಚುರ್ ಎನ್ನುತ್ತದೆ, ಕೆಲವು ನಿಮಿಷಗಳಲ್ಲಿ ಹುಟ್ಟಿ ಬೆಳೆದು ತಟ್ಟೆಗೆ ಬರುತ್ತದೆ. ಕ್ಯಾಮೆರಾ ಬೇಡುವ ಗುಣಗಳೆಲ್ಲ ಅದರಲ್ಲಿ ಸೇರಿವೆ. ಮುದ್ದೆಯಾದರೋ ಕಪ್ಪಿಗೆ ತಿರುಗಿದ ಕಂದುಬಣ್ಣದ್ದು. ಮಸೊಪ್ಪು ಹಸಿರು ಕೆಸರಿನಂತೆ ಕಾಣತಕ್ಕದ್ದು. ಬಸ್ಸಾರಿಗೆ ಹೇಳಿಕೊಳ್ಳುವಂಥ ಬಣ್ಣವೇ ಇಲ್ಲ. ಉಪ್ಪುಸಾರಂತೂ ಬಟ್ಟಲಿನಲ್ಲಿ ಬಿಸಿನೀರೆಂದೇ ತೋರಿ, ಪಕ್ಕದ ಖಾರದ ಉಂಡೆಯನ್ನು ಕದಡಿಕೊಂಡಾಗ ಮಾತ್ರ ತನ್ನ ಪ್ರಭಾವವನ್ನು ಪ್ರಕಟಿಸುವಂಥದು. ವಾಸನೆಯನ್ನು ಸಾಗಿಸಲಾರದ ಪೆಟ್ಟಿಗೆಯಲ್ಲಿ ಸೊಗಡಿನ ಅವರೆಕಾಯಿಗೆ ನ್ಯಾಯ ದೊರೆಯುವುದೆಂತು?

ಕಾಲದ ಲೆಕ್ಕವನ್ನೂ ನೋಡಬೇಕು. ಗಂಟೆಗೆ 12 ನಿಮಿಷಗಳವರೆಗೆ ಜಾಹೀರಾತಿಗೂ ಸ್ವಂತ ಪ್ರಚಾರಕ್ಕೂ ಬಿಡಬಹುದೆಂದು ನಿಯಮವಿರುವುದರಿಂದ, ಅರ್ಧ ಗಂಟೆಯ ಕಾರ್ಯಕ್ರಮಕ್ಕೆ ಉಳಿಯುವುದು 24 ನಿಮಿಷಗಳ ಸುತ್ತಮುತ್ತ. ನಮ್ಮ ಕಡೆಯ ಬೆರಕೆ ಸೊಪ್ಪಿನ ಸಾರಾದರೋ ಬೆಳಿಗ್ಗೆ ಹೊಲದ ಬದುವಿನಲ್ಲಿ ಆರಂಭವಾಗುತ್ತದೆ. ಅಣ್ಣೆಸೊಪ್ಪು, ದೊಗ್ಗಲಿ, ಗಣಿಕೆ, ಹೊನಗೊನೆ ಎಂದು ಯಾರೂ ಬಿತ್ತದೆ ಬೆಳೆದುದನ್ನು ಬಗ್ಗಿ ಬಗ್ಗಿ ಆಯ್ದು, ಯಾವುದು ಎಷ್ಟಿದ್ದರೆ ಕಹಿಯಾಗದೆಂದು ಕೈಯಳತೆಯಲ್ಲೇ ನಿರ್ಣಯಿಸಿ, ಮಡಿಲು ತುಂಬ ತಂದು, ಬಿಡಿಸಿ, ಮೂರು ನೀರಿನಲ್ಲಿ ತೊಳೆದು, ಬೇಳೆಯೊಡನೆ ಬೇಯಿಸಬೇಕು. ಇದನ್ನು ತೋರಿಸುವುದಾದರೆ ನಿರೂಪಕನು ಕೆಸರಿನಲ್ಲಿ ನಡೆಯಬೇಕು; ಅದಕ್ಕಿಂತ ಕಷ್ಟವಾದುದೆಂದರೆ, ಎರಡು ಗಂಟೆಗಳ ಕಾಲ ಸುಮ್ಮನಿರಬೇಕು.

ಮುದ್ದೆಯ ವಿಚಾರವು ಇನ್ನೂ ಸ್ವಾರಸ್ಯವಾದುದು. 2023ನೆಯ ವರ್ಷವನ್ನು ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ರಾಗಿಗೆ ಹಠಾತ್ತಾಗಿ ಗೌರವ ಪ್ರಾಪ್ತವಾಗಿ, ಅದುವರೆಗೆ ದೋಸೆಯಿಂದಾಚೆ ಹೋಗದಿದ್ದವರೂ ಮುದ್ದೆಯನ್ನು ಹುಡುಕಿಕೊಂಡು ಬರುವಂತಾಯಿತು. ನಾವು ನೋಡುತ್ತಿದ್ದ ಸಂಚಿಕೆಯ ಕೊನೆಯ ಭಾಗದಲ್ಲಿ ಹಾಗೆಯೇ ಒಂದು ಮುದ್ದೆ ಬಂದಿತು. ತರುಣನು ಅದನ್ನು ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟು, ಅಗಿದನು. ಪಡಸಾಲೆಯಲ್ಲಿ ಎದ್ದ ನಗುವನ್ನು ಏನೆಂದು ವರ್ಣಿಸಲಿ? ದೊಡ್ಡಮ್ಮನವರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ನುಂಗಬೇಕಾದುದನ್ನು ಅಗಿದವನ ಹಲ್ಲಿಗೆ ಅದು ಅಂಟಿಕೊಂಡುದು ಅವನ ಮುಖದಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದರೂ, ಅವನ ನಾಲಗೆ ‘ಅದ್ಭುತ’ವೆಂಬ ತನ್ನ ಕರ್ತವ್ಯವನ್ನು ತಪ್ಪದೆ ನೆರವೇರಿಸಿತು. ಅದಕ್ಕೆ ಮುಂಚೆ ಅಡುಗೆಮನೆಯಲ್ಲಿ ಹಿಟ್ಟು ತಿರುವುವುದನ್ನು ಹತ್ತು ಸೆಕೆಂಡುಗಳಷ್ಟು ತೋರಿಸಿದ್ದರು. ಎಸರು ಮರಳಿದ ಮೇಲೆ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಬಿಟ್ಟು, ಕದಡದೆ, ಅದರ ಪಾಡಿಗೆ ಅದು ಬೇಯುವವರೆಗೆ ಕಾದು, ಆಮೇಲೆ ಪಾತ್ರೆಯನ್ನು ಕವೆಗೋಲಿನಿಂದ ಅದುಮಿ ಹಿಡಿದು ಕೋಲಿನಿಂದ ತಿರುವತಕ್ಕದ್ದು ಕ್ರಮ. ಅಲ್ಲಿದ್ದವರು ಹಿಟ್ಟು ಸುರಿದ ಕೂಡಲೇ ಕೋಲಾಡಿಸಿಬಿಟ್ಟಿದ್ದರು. “ಗಂಟು” ಎಂದರು ದೊಡ್ಡಮ್ಮ. ನಿರೂಪಕನು ಮುದ್ದೆಯನ್ನು ಮುರಿದಾಗ ಅದರೊಳಗಿಂದ ಬಿಳಿಚಿಕೊಂಡ ಹಸಿಹಿಟ್ಟಿನ ಗಂಟೊಂದು ಇಣುಕಿತು.

ಅಣ್ಣನ ಆಕ್ಷೇಪಣೆ ಇನ್ನೊಂದು ಬಗೆಯದು. ನಿರೂಪಕನು ಐದಾರು ಸಲ ‘ಮಿಲೆಟ್ಸ್’ ಎಂದನೇ ಹೊರತು ರಾಗಿ ಯಾವ ತಳಿಯದೆಂದು ಕೇಳಲಿಲ್ಲವಂತೆ. “ಇಂಡಾಫಾ, ಜಿಪಿಯು 28ಆ? ಮಾವಿನಹಣ್ಣು ತಿಂದ್ರೆ ಬಾದಾಮಿನಾ ಮಲ್ಲಿಕಾನಾ ಅಂತ ಕೇಳ್ತಾರೆ, ರಾಗಿಗೆ ಹೆಸರೇ ಇಲ್ವಾ?” ಎಂದು ಅವನ ಪ್ರಶ್ನೆ. ರಾಗಿಯ ಬ್ರಹ್ಮನೆಂದು ರೈತರಿಂದ ಕರೆಯಿಸಿಕೊಂಡ ಲಕ್ಷ್ಮಣಯ್ಯನವರು ನಮ್ಮ ದೇಶದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಪಡೆದುದು ಕರ್ನಾಟಕದ ಕೃಷಿಚರಿತ್ರೆಯ ದೊಡ್ಡ ಅಧ್ಯಾಯಗಳಲ್ಲೊಂದು. ಶ್ರೀನಿವಾಸಪುರದ ಮಾವಿಗೆ ದೊರೆತ ಈ ಸಣ್ಣ ಮರ್ಯಾದೆ ನೆರೆಯ ಹೊಲದ ರಾಗಿಗೆ ದೊರೆಯದಿರುವುದು ಬೆಳೆದವನನ್ನು ನೋಯಿಸಿದರೆ ಆಶ್ಚರ್ಯವಿಲ್ಲ.

ರಾಗಿಯನ್ನು ಕುರಿತ ವಿಮರ್ಶೆಯು ಕನ್ನಡಕ್ಕೆ ಹೊಸದೇನೂ ಅಲ್ಲ. ಕನಕದಾಸರ ‘ರಾಮಧಾನ್ಯಚರಿತೆ’ಯಲ್ಲಿ, ಲಂಕೆಯಿಂದ ಹಿಂದಿರುಗುತ್ತಿದ್ದ ಶ್ರೀರಾಮನು ಋಷ್ಯಾಶ್ರಮದಲ್ಲಿ ಬಗೆಬಗೆಯ ಭಕ್ಷ್ಯಗಳನ್ನು ಸ್ವೀಕರಿಸಿ, ಧಾನ್ಯಗಳಲ್ಲಿ ಉತ್ತಮವಾವುದೆಂದು ಸಭೆಯನ್ನು ಕೇಳುತ್ತಾನೆ. ನೆರೆದವರು ಒಬ್ಬೊಬ್ಬರು ಒಂದೊಂದನ್ನು ಹೇಳುತ್ತಾರೆ. ನರೆದಲೆಗವೆಂಬ ರಾಗಿಗೂ ವ್ರೀಹಿಯೆಂಬ ಭತ್ತಕ್ಕೂ ವಾಗ್ವಾದ ಹತ್ತಿ ಕುಲದ ಮಾತಿನವರೆಗೂ ಹೋಗುತ್ತದೆ. ಇಂದಿನ ನಿರೂಪಕನಾಗಿದ್ದರೆ ಎರಡನ್ನೂ ಒಂದೊಂದು ತುತ್ತು ತಿಂದು ಎರಡನ್ನೂ ಅದ್ಭುತವೆಂದು ಹೊರಟುಬಿಡುತ್ತಿದ್ದನು. ರಾಮನು ಹಾಗೆ ಮಾಡದೆ ಎರಡು ಧಾನ್ಯಗಳನ್ನೂ ಆರು ತಿಂಗಳ ಸೆರೆಗೆ ಹಾಕಿಸುತ್ತಾನೆ. ಆರು ತಿಂಗಳ ಮೇಲೆ ತೆಗೆಸಿ ನೋಡಿದರೆ ಭತ್ತವು ಕೆಟ್ಟು ಹೋಗಿದ್ದಿತು. ರಾಗಿಯು ಹಾಕಿದಂತೆಯೇ ಇದ್ದು ರಾಘವನ ಹೆಸರನ್ನು ಪಡೆಯಿತು. ಕಾವ್ಯದ ಸಾಮಾಜಿಕ ಧ್ವನಿಯನ್ನು ವಿದ್ವಾಂಸರು ವಿವರಿಸಿದ್ದಾರೆ. ನನಗೆ ಇಲ್ಲಿ ಬೇಕಾದುದು ಪರೀಕ್ಷೆಯ ಕ್ರಮ ಮಾತ್ರ. ನಾಲಗೆಗೆ ಕೇಳಿದ ಪ್ರಶ್ನೆಗೆ ಕಾಲವು ಉತ್ತರ ಕೊಟ್ಟಿತು. ಲಕ್ಕೂರಿನ ಪ್ರೇಕ್ಷಕರು ಕೇಳುವುದೂ ಈ ಬಗೆಯ ಪ್ರಶ್ನೆಗಳನ್ನೇ: ಎಷ್ಟು ಹೊತ್ತು ಬೆಂದಿತು, ನಾಳೆಗೆ ಇರುತ್ತದೆಯೆ, ಉಂಡವನು ಮಧ್ಯಾಹ್ನದವರೆಗೆ ಉಳಬಲ್ಲನೆ.

ಪ್ರವಾಸದ ವಿಷಯದಲ್ಲಿಯೂ ಇವರ ದೃಷ್ಟಿ ನಮ್ಮದಕ್ಕಿಂತ ಬೇರೆ. ಕಾರ್ಯಕ್ರಮದಲ್ಲಿ ಮನುಷ್ಯನು ಅನ್ನವನ್ನು ಹುಡುಕಿಕೊಂಡು ಪ್ರಯಾಣ ಮಾಡುತ್ತಾನೆ. ಲಕ್ಕೂರಿನಲ್ಲಿ ಅನ್ನವೇ ಮನುಷ್ಯನನ್ನು ಹುಡುಕಿಕೊಂಡು ಬೆಳಗಿನ ಜಾವದಲ್ಲಿ ಟೆಂಪೋ ಹತ್ತುತ್ತದೆ. ಸೊಪ್ಪು, ಬೀನ್ಸು, ಟೊಮೇಟೊ, ಹೂಕೋಸು ಬೆಂಗಳೂರಿನ ಮಾರುಕಟ್ಟೆಗೆ ಹೋಗುತ್ತವೆ. ನಿತ್ಯಪ್ರವಾಹಿನಿಯಾದ ನದಿಯೊಂದೂ ಇಲ್ಲದ ಈ ಜಿಲ್ಲೆಗೆ 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆನೀರು ಶುದ್ಧಿಯಾಗಿ ಹಿಂದಿರುಗುತ್ತದೆ. ದಿನಕ್ಕೆ 44 ಕೋಟಿ ಲೀಟರಿನಂತೆ 126 ಕೆರೆಗಳನ್ನು ತುಂಬುವುದು ಆ ಯೋಜನೆಯ ಉದ್ದೇಶ. ಎರಡು ಹಂತದ ಶುದ್ಧಿ ಸಾಲದು, ಮೂರನೆಯದೂ ಆಗಬೇಕೆಂದು ಜಿಲ್ಲೆಯ ಜನರು ಕೇಳುತ್ತಲೇ ಇದ್ದಾರೆ. ರಾಜಧಾನಿಯು ಉಂಡು ಕೈತೊಳೆದ ನೀರು ಕೋಲಾರದ ಕೆರೆಗೆ ಬಂದು, ಅಂತರ್ಜಲವನ್ನು ಸೇರಿ, ಕೊಳವೆಬಾವಿಯಿಂದ ಮೇಲೆದ್ದು, ತರಕಾರಿಯಾಗಿ ಮತ್ತೆ ರಾಜಧಾನಿಯ ತಟ್ಟೆಗೆ ಹೋಗುವ ಈ ಪ್ರವಾಸವನ್ನು ಯಾವ ವಾಹಿನಿಯಾದರೂ ಸಂಚಿಕೆಯಾಗಿ ಮಾಡಿದರೆ, ನಾನು ಜಾಹೀರಾತುಗಳನ್ನೂ ಬಿಡದೆ ನೋಡುವೆನು.

ಈ ಪರೀಕ್ಷಕರು ದೋಷರಹಿತರೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾಗುತ್ತದೆ. ತಮ್ಮ ಊಟದ ವಿಷಯದಲ್ಲಿ ಎಳೆಯೆಳೆಯಾಗಿ ಬಿಡಿಸಿ ನೋಡುವ ಇವರು ಪರರ ಊಟದ ವಿಷಯದಲ್ಲಿ ಪರಮ ಅಸಹಿಷ್ಣುಗಳು. ಕರಾವಳಿಯ ಸಂಚಿಕೆ ಬಂದಾಗ ತೆಂಗಿನೆಣ್ಣೆಯೆಂದೊಡನೆ ಹಿರಿಯರು ಮುಖ ತಿರುಗಿಸಿದರಂತೆ, ಈಶಾನ್ಯದ ಎಳೆಬಿದಿರಿನ ಪಲ್ಯವನ್ನು ಕಂಡು “ಏಣಿ ತಿಂತಾರೇನಮ್ಮ?” ಎಂದರಂತೆ. ಇಂಥ ಸಂದರ್ಭಗಳಲ್ಲಿಯೇ ಆ ಕಾರ್ಯಕ್ರಮಗಳ ನಿಜವಾದ ಉಪಯೋಗವಿರುವುದು. ಅತ್ತಿಗೆಯವರು ನೀರುದೋಸೆಯನ್ನು ಕಲಿತುದು ಟಿ.ವಿ.ಯಿಂದಲೇ; ಮೊದಲ ನಾಲ್ಕು ದಿನ ಅದನ್ನು ಹಸುವಿಗೆ ಹಾಕಿ, ಐದನೆಯ ದಿನ ಮನೆಯವರಿಗೆ ಬಡಿಸಿದರು. ಮತ್ತೊಂದು ಸಂಚಿಕೆಯಲ್ಲಿ ರಾಜಸ್ಥಾನದ ಮುದುಕಿಯೊಬ್ಬಳು ಹಿಟ್ಟಿನುಂಡೆಗಳನ್ನು ಕೆಂಡದ ಬೂದಿಯಲ್ಲಿ ಹೂತು ಬಾಟಿಯನ್ನು ಬೇಯಿಸುತ್ತಿದ್ದುದನ್ನು ನೋಡಿ ದೊಡ್ಡಮ್ಮನವರು, “ಮುಚ್ಚಿಟ್ಟಿದ್ದು ಬೆಂದೈತೆ ಅಂತ ಆಕೆಗೆ ಹೆಂಗೆ ತಿಳೀತದೆ?” ಎಂದು ಕೇಳಿದ್ದರಂತೆ. ನಿರೂಪಕನು ಆ ಪ್ರಶ್ನೆಯನ್ನು ಕೇಳಿರಲಿಲ್ಲ. ದೊಡ್ಡಮ್ಮನವರು ಇವತ್ತಿಗೂ ಅದನ್ನು ಮರೆತಿಲ್ಲ. ರಾಜಸ್ಥಾನಕ್ಕೆ ಹೋಗಿಬಂದವರು ಯಾರಾದರೂ ಮನೆಗೆ ಬಂದರೆ ಕಾಫಿ ಕೊಡುವುದಕ್ಕೆ ಮುಂಚೆ ಅದನ್ನು ವಿಚಾರಿಸುತ್ತಾರೆ.

ಕಾರ್ಯಕ್ರಮ ಮುಗಿಯುವ ವೇಳೆಗೆ ಕಾಯಿಯ ರಾಶಿಯೂ ಕರಗಿತ್ತು. ಒಳಗೆ ಹಿಂದಿನ ರಾತ್ರಿ ನೆನೆಹಾಕಿದ್ದ ಕಾಳನ್ನು ಹಿದುಕಿ ಸಾರು ಮಾಡಿದ್ದರು. ನಾವು ಸಾಲಾಗಿ ಕುಳಿತೆವು. ಮುದ್ದೆಯ ಮೇಲಿನ ಹಬೆ ಬೆಳಕಿನ ಸಹಾಯವಿಲ್ಲದೆಯೇ ಕಾಣುತ್ತಿದ್ದಿತು. ಹೇಗಿದೆಯೆಂದು ಬಡಿಸಿದವರು ಕೇಳಲಿಲ್ಲ, ಚೆನ್ನಾಗಿದೆಯೆಂದು ಉಂಡವರು ಹೇಳಲಿಲ್ಲ. ನನ್ನ ತಟ್ಟೆಯಲ್ಲಿ ಎರಡು ತುತ್ತಿನಷ್ಟು ಉಳಿದಿರುವಾಗಲೇ ದೊಡ್ಡಮ್ಮನವರು ಬೋಗುಣಿಯನ್ನು ಹಿಡಿದು ಬಂದು ನಿಂತರು.

“ಇನ್ನರ್ಧ ಹಾಕ್ಲಾ?”

“ಹಾಕು ದೊಡ್ಡಮ್ಮ.”

ಅವರು ಒಂದನ್ನೇ ಹಾಕಿ ಮುಂದಿನ ತಟ್ಟೆಗೆ ಹೋದರು.